ಕಪ್ಪು ಕಾರು, ಗಟ್ಟಿ ಪೇಂಟ್: ಎರಡು ಭಾನುವಾರ ಉಜ್ಜಿದರೂ ನೀರಿನ ಕಲೆ, ಗೀರು ಹೋಗಿಲ್ಲ

ಕರಿಪೋಲೊ
2017ರ ಕಪ್ಪು ಫೋಕ್ಸ್‌ವ್ಯಾಗನ್ ಪೋಲೊ, ಬೆಂಗಳೂರು. ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು. ಕಾರು ಒರೆಸುವವರು ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಹತ್ತು ಕಾರು ಮುಗಿಸುತ್ತಾರೆ. ಬಾನೆಟ್ ಮತ್ತು ರೂಫ್ ತುಂಬ ಬಿಳಿ ಚುಕ್ಕಿ. ಬಿಸಿಲಿಗೆ ನಿಲ್ಲಿಸಿದರೆ ಜೇಡರ ಬಲೆಯ ಹಾಗೆ ಗೀರು.

8 ಎಂಎಂ ಥ್ರೋ (ಪ್ಯಾಡ್ ಆಡುವ ಅಗಲ) ಇರುವ ಡಿಎ, ಅಂದರೆ ಡ್ಯುಯಲ್ ಆಕ್ಷನ್ ಪಾಲಿಶರ್ ತಗೊಂಡೆ. ಪ್ಯಾಡನ್ನು ತಿರುಗಿಸುತ್ತಲೇ ಅತ್ತಿತ್ತ ಆಡಿಸುವ ಮೆಷಿನ್. ಮೆಗ್ವಾಯರ್ಸ್ ಎಂ205 ಪಾಲಿಶ್, ಮೆತ್ತನೆಯ ಫೋಮ್ ಪ್ಯಾಡ್. ಎರಡು ಭಾನುವಾರ ಉಜ್ಜಿದೆ. ಆಗ ಚೆನ್ನಾಗಿಯೇ ಕಂಡಿತು. ಎರಡು ಸಲ ತೊಳೆದ ಮೇಲೆ ನೋಡಿದರೆ ಎಲ್ಲ ಇದ್ದ ಹಾಗೇ ಇದೆ! ಎಲ್ಲಿ ತಪ್ಪಿದೆ?

ಸಂಡೇಮೆಕ್ಯಾನಿಕ್
ಟೂತ್‌ಪೇಸ್ಟ್ ಹಚ್ಚಿ ನೋಡಿ. ನಮ್ಮ ಸ್ಕೂಟರಿಗೆ ಕೆಲಸ ಮಾಡಿತ್ತು.

ಹಳೇಬಫರ್
ಟೂತ್‌ಪೇಸ್ಟ್ ಹಲ್ಲಿಗೇ ಇರಲಿ. ಗೀರು ಹೋಗಲ್ಲ, ಮಂಕು ಬೇರೆ ಬರುತ್ತದೆ.

ಕರಿಪೋಲೊ, ನಿಮ್ಮ ಗೀರು ವಾಪಸ್ ಬಂದಿಲ್ಲ, ಅದು ಹೋಗೇ ಇರಲಿಲ್ಲ. ಪಾಲಿಶ್‌ನ ಎಣ್ಣೆ ಅಂಶ ಗೀರಿನೊಳಗೆ ತುಂಬಿಕೊಂಡು ಮುಚ್ಚಿತ್ತು. ತೊಳೆದಾಗ ಎಣ್ಣೆ ಹೋಯಿತು, ಗೀರು ಕಂಡಿತು. ಫೋಕ್ಸ್‌ವ್ಯಾಗನ್ ಕಾರುಗಳ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸಾಮಾನ್ಯವಾಗಿ ಗಟ್ಟಿ. ಮೆತ್ತನೆ ಪ್ಯಾಡ್, ನಯವಾದ ಪಾಲಿಶ್ ಜೋಡಿ ಅದರ ಮೇಲೆ ಸುಮ್ನೆ ಜಾರಿಕೊಂಡು ಹೋಗುತ್ತದೆ.

ಇನ್ನೂ ಖಾರದ ಕಾಂಪೌಂಡ್ (ಹೆಚ್ಚು ಸವೆಸುವ ಪಾಲಿಶ್) ಹಿಡಿಯುವ ಮೊದಲು ಎರಡು ಕೆಲಸ ಮಾಡಿ.

ಕಾರು ತೊಳೆದು, ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಚುಕ್ಕಿಗಳ ಮೇಲೆ ಸವರಿ. ತರಿತರಿ ಅನಿಸಿದರೆ ಅದು ಪೇಂಟಿನ ಮೇಲೆ ಕೂತಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪು. ಅದಕ್ಕೆ ಪಾಲಿಶ್ ಬೇಕಾಗಿಲ್ಲ. ಅಡುಗೆಯ ಬಿಳಿ ವಿನೆಗರ್‌ಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ, ನೆರಳಲ್ಲಿ, ತಣ್ಣಗಿರುವ ಪೇಂಟಿನ ಮೇಲೆ ಅದರಲ್ಲಿ ಅದ್ದಿದ ಬಟ್ಟೆ ಒಂದೆರಡು ನಿಮಿಷ ಇಡಿ. ಒಣಗಲು ಬಿಡಬೇಡಿ. ಆಮೇಲೆ ಶಾಂಪೂ ಹಾಕಿ ತೊಳೆಯಿರಿ. ಮೊದಲು ಒಂದು ಮೂಲೆಯಲ್ಲಿ ನೋಡಿಕೊಳ್ಳಿ. ಕೈಗೆ ನುಣ್ಣಗಿದ್ದೂ ಕಣ್ಣಿಗೆ ಉಂಗುರದ ಹಾಗೆ ಕಾಣುತ್ತಿದ್ದರೆ ಕಲೆ ಕ್ಲಿಯರ್ ಕೋಟ್ ಒಳಗೆ ಕೊರೆದಿದೆ. ಪಾಲಿಶ್ ಬೇಕಾಗುವುದು ಅಲ್ಲಿಗೆ ಮಾತ್ರ.

ಎರಡನೆಯದು, ಪಾಲಿಶರಿನ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟುವ ತಟ್ಟೆ) ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಕೆಲಸ ಮಾಡುವಾಗ ಆ ಗೆರೆ ಸುತ್ತುತ್ತಿದೆಯಾ ನೋಡಿ ಹೇಳಿ.

ಕರಿಪೋಲೊ
ರೂಫಿನ ಮುಕ್ಕಾಲು ಚುಕ್ಕಿ ವಿನೆಗರಿಗೇ ಹೋಯ್ತು! ಬಾನೆಟ್ ಮೇಲೆ ಉಂಗುರಗಳು ಹಾಗೇ ಇವೆ.

ಗೆರೆಯ ವಿಷಯ ಹೇಳಲು ನಾಚಿಕೆ. ಬಾನೆಟ್ ಬಾಗಿರುವ ಕಡೆಯಲ್ಲೆಲ್ಲ ಪ್ಯಾಡ್ ತಿರುಗುತ್ತಲೇ ಇರಲಿಲ್ಲ, ಬರೀ ನಡುಗುತ್ತಿತ್ತು. ನಾನು ಜೋರಾಗಿ ಒತ್ತುತ್ತಿದ್ದೆ.

ಹಳೇಬಫರ್
ಎಲ್ಲರೂ ಮಾಡೋದೇ. ಒತ್ತಿದಷ್ಟೂ ಡಿಎ ನಿಲ್ಲುತ್ತದೆ. ಗೆರೆ ಸುತ್ತುವಷ್ಟೇ ಒತ್ತಡ ಕೊಡಿ, ಪ್ಯಾಡನ್ನು ಮಟ್ಟಸವಾಗಿ ಹಿಡಿಯಿರಿ.

ಈಗ ಪ್ಯಾಡ್ ಬದಲಾಯಿಸಿ. ಗಟ್ಟಿ ಪೇಂಟಿಗೆ ಡಬ್ಬಿಗಿಂತ ಪ್ಯಾಡ್ ಮುಖ್ಯ ಅನ್ನೋದು ನನ್ನ ಅನುಭವ. ಮೈಕ್ರೋಫೈಬರ್ ಕಟಿಂಗ್ ಪ್ಯಾಡ್ ಮತ್ತು ಮೆಗ್ವಾಯರ್ಸ್ ಎಂ105 ಥರದ ಕಾಂಪೌಂಡ್ ತನ್ನಿ. ತೊಳೆದು, ಕ್ಲೇ ಬಾರ್ (ಪೇಂಟಿಗೆ ಅಂಟಿದ ಕೊಳೆ ಎತ್ತುವ ಮೆತ್ತನೆ ಮುದ್ದೆ) ಆಡಿಸಿ, ಒಂದೂವರೆ ಅಡಿ ಚೌಕದಲ್ಲಿ ಮಾತ್ರ ಪ್ರಯೋಗ ಮಾಡಿ. ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ಮೆಷಿನ್ನಿನ ಸ್ಪೀಡ್ ನಂಬರ್ 4 ಅಥವಾ 5ಕ್ಕೆ ಏರಿಸಿ. ಕೈ ನಿಧಾನ, ಸೆಕೆಂಡಿಗೆ ಒಂದು ಇಂಚು. ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ, ನಾಲ್ಕರಿಂದ ಆರು ಸುತ್ತು. ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಷ್‌ನಲ್ಲಿ ಕೆರೆದು ಪುಡಿ ತೆಗೆಯಿರಿ. ಇದನ್ನು ಬಿಟ್ಟರೆ ಮೂರನೇ ಚೌಕಕ್ಕೆ ಪ್ಯಾಡ್ ಸತ್ತ ಹಾಗೆ.

ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಟಾರ್ಚ್ ಹಿಡಿದು ನೋಡಿ. ಎಣ್ಣೆ ಹೋಗಿರುತ್ತದೆ, ಈಗ ಕಾಣುವುದೇ ನಿಜವಾದ ಪೇಂಟ್.

ಸ್ಪೀಡುಸೀನ
ಇಷ್ಟೆಲ್ಲ ಯಾಕೆ? ಬರೀ ಗಿರಗಿರ ತಿರುಗುವ ರೋಟರಿ ಮೆಷಿನ್ ಹಾಕಿದರೆ ಹತ್ತು ನಿಮಿಷದ ಕೆಲಸ ಅಲ್ವಾ?

ಹಳೇಬಫರ್
ಕೈ ಪಳಗಿದವರಿಗೆ ಸರಿ. ಕ್ಲಿಯರ್ ಕೋಟ್ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬಾನೆಟ್ ಅಂಚಿನಲ್ಲಿ, ಏಣುಗಳಲ್ಲಿ ಇನ್ನೂ ತೆಳು. ಒಂದು ಕಡೆ ರೋಟರಿ ನಿಂತರೆ ಬಿಸಿಗೆ ಕೋಟ್ ಸುಟ್ಟು ಹೋಗುತ್ತದೆ, ಆಮೇಲೆ ಪೇಂಟ್ ಬೂತೇ ಗತಿ. ಡಿಎ ಆದರೂ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ.

ಕರಿಪೋಲೊ
ಈ ಭಾನುವಾರ ಬಾನೆಟ್ ಮುಗಿಸಿದೆ. ಗೀರು ಹೋಗಿದೆ, ಆಲ್ಕೋಹಾಲಿನಲ್ಲಿ ಒರೆಸಿದರೂ ಇಲ್ಲ. ಆದರೆ ಎಲ್ಲ ಕಡೆ ತೆಳ್ಳಗೆ ಮಂಜು ಮುಸುಕಿದ ಹಾಗಿದೆ. ಎರಡು ಉಂಗುರ ಮಾತ್ರ ಹಠ ಹಿಡಿದು ಕೂತಿವೆ.

ಹಳೇಬಫರ್
ಆ ಮಂಜು ಮೈಕ್ರೋಫೈಬರ್ ಪ್ಯಾಡಿನ ಗುರುತು. ಈಗ ನಿಮ್ಮ ಹಳೇ ಜೋಡಿ ತೆಗೆಯಿರಿ, ಎಂ205 ಮತ್ತು ಮೆತ್ತನೆ ಫೋಮ್. ಅವುಗಳ ಸರದಿ ಇದೇ, ನೀವು ಮೊದಲೇ ಕರೆದುಬಿಟ್ಟಿದ್ದಿರಿ.

ಆ ಎರಡು ಉಂಗುರ ಬಿಟ್ಟುಬಿಡಿ. ಅವನ್ನು ಪೂರ್ತಿ ತೆಗೆಯಲು ಹೋದರೆ ಸುತ್ತಲಿನ ಕೋಟ್ ಜಾಸ್ತಿ ಸವೆಯುತ್ತದೆ. ಮೇಲೆ ಪೇಂಟ್ ಕಾಯುವ ಸೀಲೆಂಟ್ ಒಂದು ಹಚ್ಚಿ. ಒರೆಸುವವರಿಗೆ ಸಂಬಳ ಕೊಡಿ, ಆದರೆ ಕಾರು ಮುಟ್ಟಬೇಡಿ ಅನ್ನಿ.

ಒಂದು ಅನುಮಾನ. ಬೋರ್‌ವೆಲ್ ನೀರಿನಲ್ಲೇ ತೊಳೆಯುತ್ತಿದ್ದರೂ ಇಷ್ಟು ಬೇಗ ಇಷ್ಟು ಕೊರೆಯುವುದು ಅಪರೂಪ. ಬೇರೆ ಯಾವುದಾದರೂ ನೀರು ಹಾಕುತ್ತೀರಾ?

ಕರಿಪೋಲೊ
ಕೊನೆಗೆ ಜಾಲಾಡಿಸಲು ಆರ್‌ಒ ಫಿಲ್ಟರಿನ ವೇಸ್ಟ್ ನೀರು. 2024ರ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆಗಿನಿಂದ ಅದನ್ನು ಹಿಡಿದಿಡುತ್ತಿದ್ದೇನೆ. ಫಿಲ್ಟರಿನಿಂದ ಬಂದಿದ್ದು, ಶುದ್ಧವಾಗಿರುತ್ತದೆ ಅಂದುಕೊಂಡಿದ್ದೆ.

ಹಳೇಬಫರ್
ಅಯ್ಯೋ! ಫಿಲ್ಟರ್ ಬೇರೆ ಮಾಡಿದ ಉಪ್ಪೆಲ್ಲ ಇರುವುದು ಆ ನೀರಿನಲ್ಲೇ. ಬೋರ್ ನೀರಿಗಿಂತ ಗಡುಸು. ನೀವು ಅದನ್ನು ಬಿಸಿಲಲ್ಲಿ ಒಣಗಲು ಬಿಟ್ಟಿರಿ. ರಿನ್ಸ್‌ಲೆಸ್ ವಾಶ್ (ಜಾಲಾಡಿಸುವುದೇ ಬೇಡದ ಶಾಂಪೂ) ತಗೊಳ್ಳಿ, ಅರ್ಧ ಬಕೆಟ್ ಒಳ್ಳೆ ನೀರಿನಲ್ಲಿ ಕೆಲಸ ಮುಗಿಯುತ್ತದೆ. ಒಂದೊಂದು ಭಾಗ ಮುಗಿದ ಕೂಡಲೇ ಒಣ ಟವೆಲ್‌ನಲ್ಲಿ ಒರೆಸಿ.

ಕರಿಪೋಲೊ
ಬಾಲ್ಕನಿಯಲ್ಲಿ ಇನ್ನೂ ಎರಡು ಡ್ರಮ್ ತುಂಬಿದೆ. ಇವತ್ತಿನಿಂದ ಅದೆಲ್ಲ ಟಾಯ್ಲೆಟ್ಟಿಗೆ.