ಸಿಪಿ ಮಗುವಿನ ಬಿಗಿಯಾದ ಕಾಲು: ಜೋರಾಗಿ ಎಳೆದರೆ ಸರಿ ಹೋಗುತ್ತಾ?

ಪ್ರಶ್ನೆ (ಜಗಳೂರು ಕಡೆಯ ತಾಯಿ): ಮೇಡಂ, ಮಗನಿಗೆ 7 ವರ್ಷ. ಸೆರೆಬ್ರಲ್ ಪಾಲ್ಸಿ (ಸಿಪಿ, ಮೆದುಳಿನ ಪೆಟ್ಟಿನಿಂದ ಬರುವ ಚಲನೆಯ ತೊಂದರೆ) ಇದೆ, ತುದಿಗಾಲಲ್ಲೇ ನಡೆಯುತ್ತಾನೆ. ಈ ವರ್ಷ ಬಿಗಿತ ಜಾಸ್ತಿ ಆಗಿದೆ. ಮೆದುಳಿನ ಪೆಟ್ಟು ಹೆಚ್ಚಾಗಲ್ಲ ಅಂತ ಡಾಕ್ಟರ್ ಹೇಳಿದ್ದರು, ಮತ್ತೆ ಕಾಲು ಯಾಕೆ ಹೀಗೆ? ಸ್ನಾಯುವಿನಲ್ಲಿ ಉರಿಯೂತ ಇದೆ, ನೋವಿನ ಮಾತ್ರೆ ಕೊಡಿ ಅಂತ ಒಬ್ಬರು ಹೇಳಿದರು. ಇನ್ನೊಬ್ಬರು, ಅತ್ತರೂ ಬಿಡದೆ ಜೋರಾಗಿ ಎಳೆಯಿರಿ ಅಂದರು.

ಉತ್ತರ (ಫಿಸಿಯೋಥೆರಪಿಸ್ಟ್, ದಾವಣಗೆರೆ): ಡಾಕ್ಟರ್ ಹೇಳಿದ್ದು ಸರಿ ಅಕ್ಕಾ. ಮೆದುಳಿನ ಗಾಯ ಬೆಳೆಯಲ್ಲ, ಆದರೆ ಮಗು ಬೆಳೆಯುತ್ತಲ್ಲಾ! ಮೂಳೆ ಉದ್ದ ಆಗುತ್ತಾ ಹೋಗುತ್ತದೆ, ಬಿಗಿಯಾದ ಸ್ನಾಯು ಅದಕ್ಕೆ ಸಮನಾಗಿ ಬೆಳೆಯಲ್ಲ. ಅದಕ್ಕೇ ಬೇಗ ಎತ್ತರ ಆಗುವ ವರ್ಷಗಳಲ್ಲಿ ಕಾಲು ಹೆಚ್ಚು ಕಾಡುತ್ತದೆ.

ಈಗ ಉರಿಯೂತದ ವಿಷಯ. ಓಡಿ ಆಡಿದರೆ ಯಾರ ಸ್ನಾಯುವಿನಲ್ಲಾದರೂ ಕಣ್ಣಿಗೆ ಕಾಣದ ಸಣ್ಣ ಗಾಯಗಳಾಗುತ್ತವೆ, ಆಗ ಸ್ವಲ್ಪ ಉರಿಯೂತ ಬಂದು ಹಾಳಾದದ್ದನ್ನು ತೆಗೆದುಹಾಕುತ್ತದೆ, ಆಮೇಲೆ ಸ್ಯಾಟಲೈಟ್ ಕೋಶಗಳು, ಅಂದರೆ ಸ್ನಾಯುವಿನೊಳಗೇ ಇರುವ ರಿಪೇರಿ ಕೋಶಗಳು, ಎಚ್ಚರಗೊಂಡು ಹೊಸ ನಾರು ಕಟ್ಟುತ್ತವೆ. ಅಂದರೆ ಉರಿಯೂತ ರಿಪೇರಿಯ ಮೊದಲ ಹಂತ, ಅದೇ ಕಾಯಿಲೆ ಅಲ್ಲ. ತೊಂದರೆ ಇರುವುದು ಮುಂದಿನ ಹಂತದಲ್ಲಿ. ಆಪರೇಷನ್ ಸಮಯದಲ್ಲಿ ಸಿಪಿ ಮಕ್ಕಳ ತೊಡೆ ಹಿಂಭಾಗದ ಸ್ನಾಯುವಿನ ಚೂರು ತೆಗೆದು ನೋಡಿದ ಅಮೆರಿಕದ ಅಧ್ಯಯನವೊಂದು 2013ರಲ್ಲಿ ಬಂತು. ಬೇರೆ ಮಕ್ಕಳಿಗೆ ಹೋಲಿಸಿದರೆ ಅವರಲ್ಲಿ ಈ ಕೋಶಗಳು ಅರ್ಧಕ್ಕಿಂತ ಕಡಿಮೆ. ಕಟ್ಟುವವರೇ ಕಡಿಮೆ ಇದ್ದಾಗ ಅಲ್ಲಿ ಕೊಲಾಜೆನ್ ಅನ್ನುವ ಗಟ್ಟಿ ನಾರಿನ ಪ್ರೋಟೀನ್ ತುಂಬಿಕೊಳ್ಳುತ್ತದೆ, ಮೆತ್ತನೆ ಬಟ್ಟೆಯನ್ನು ಗೋಣಿ ದಾರದಲ್ಲಿ ಹೊಲಿದ ಹಾಗೆ. ಸ್ನಾಯು ಗಟ್ಟಿ ಆಗುತ್ತದೆ, ಬಲ ಬರಲ್ಲ. ಇದಕ್ಕೆ ನೋವಿನ ಮಾತ್ರೆ ಏನೂ ಮಾಡಲ್ಲ. ಸುಮ್ನೆ ದಿನಾ ಕೊಟ್ಟರೆ ಹೊಟ್ಟೆಗೂ ಕಿಡ್ನಿಗೂ ಕೆಟ್ಟದ್ದು.

ಜೋರಾಗಿ ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಆ ನಾರುಗಳು ಒಳಗೆ ಮೊದಲೇ ಅತಿಯಾಗಿ ಹಿಗ್ಗಿರುತ್ತವೆ, ಮತ್ತೆ ಹರಿದರೆ ರಿಪೇರಿ ಮಾಡುವ ಶಕ್ತಿ ಕಡಿಮೆ. ನಿಧಾನವಾಗಿ, ಮಗು ನಗುತ್ತಾ ಇರುವಾಗಲೇ ಹಿಡಿಯಿರಿ. ಆದರೆ ಐದು ನಿಮಿಷದ ಸ್ಟ್ರೆಚಿಂಗ್‌ನಿಂದ ಉದ್ದ ಬರುತ್ತೆ ಅಂತ ನಾನು ಹೇಳಲ್ಲ. 1988ರ ಫ್ರಾನ್ಸ್‌ನ ಒಂದು ಅಧ್ಯಯನದಲ್ಲಿ, ಮೀನಖಂಡದ ಸ್ನಾಯು ದಿನಕ್ಕೆ 6 ಗಂಟೆಯಾದರೂ ಹಿಗ್ಗಿದ ಮಕ್ಕಳಲ್ಲಿ ಬಿಗಿತ ಮುಂದುವರಿಯಲಿಲ್ಲ. ಅಷ್ಟು ಹೊತ್ತು ಕೈಯಲ್ಲಿ ಹಿಡಿಯೋಕೆ ಆಗುತ್ತಾ? ಅದಕ್ಕೇ ಸ್ಪ್ಲಿಂಟ್, ಅಂದರೆ ಕಾಲನ್ನು ಹಿಗ್ಗಿಸಿ ಹಿಡಿದಿಡುವ ಪಟ್ಟಿ.

ಜೊತೆಗೆ ಬಲ ಬೇಕು. ವ್ಯಾಯಾಮದಿಂದ ಬಿಗಿತ ಹೆಚ್ಚುತ್ತೆ ಅನ್ನೋದು ಹಳೆಯ ನಂಬಿಕೆ, ಈಗ ಯಾರೂ ಒಪ್ಪಲ್ಲ. ಸ್ಟೂಲಿನಿಂದ ಎದ್ದು ಕೂರುವುದು, ಮನೆ ಮೆಟ್ಟಿಲು ಹತ್ತುವುದು, ಇಷ್ಟರಿಂದ ಶುರು ಮಾಡಿ. ಮಧ್ಯೆ ಒಂದು ದಿನ ಬಿಡಿ. ಊಟದಲ್ಲಿ ಮೊಟ್ಟೆ, ಬೇಳೆ, ಶೇಂಗಾ ಇರಲಿ.

ತಾಯಿ: ಸ್ಪ್ಲಿಂಟ್ ಇದೆ ಮೇಡಂ, ಬಿಸಿಲಿಗೆ ಬೆವರಿ ಕಿತ್ತು ಎಸೆಯುತ್ತಾನೆ. ಅತ್ತೆ ಎಣ್ಣೆ ತಿಕ್ಕುತ್ತಾರೆ, ಪರವಾಗಿಲ್ವಾ?

ಉತ್ತರ: ನಮ್ಮ ಏಪ್ರಿಲ್ ಸೆಕೆಯಲ್ಲಿ ಯಾರು ತಾನೇ ಹಾಕಿಕೊಳ್ಳುತ್ತಾರೆ! ತೆಳು ಕಾಟನ್ ಸಾಕ್ಸ್ ಮೇಲೆ ಹಾಕಿ, ಬೆವರಿದರೆ ಸಾಕ್ಸ್ ಬದಲಿಸಿ. ಬಿಚ್ಚಿ ಅರ್ಧ ಗಂಟೆಯಾದರೂ ಕೆಂಪು ಗುರುತು ಹೋಗದಿದ್ದರೆ ಅಳತೆ ತಪ್ಪಿದೆ, ಮಾಡಿಕೊಟ್ಟವರ ಹತ್ತಿರ ಒಯ್ಯಿರಿ. ಎಣ್ಣೆ ತಿಕ್ಕಲಿ ಬಿಡಿ, ಮಗುವಿಗೆ ಹಿತ. ಸ್ನಾಯು ಉದ್ದ ಆಗಲ್ಲ ಅಷ್ಟೇ.

ಹರಿಹರದಿಂದ ಒಬ್ಬ ತಂದೆ: ಸ್ಟೆಮ್ ಸೆಲ್ (ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಇಂಜೆಕ್ಷನ್ ಹಾಕಿಸಿದರೆ ಆ ಕೋಶಗಳು ಬರಲ್ವಾ ಮೇಡಂ? ಲಕ್ಷಗಟ್ಟಲೆ ಕೇಳುತ್ತಿದ್ದಾರೆ.

ಉತ್ತರ: ಬೇಡ ಅಣ್ಣಾ, ಅದಕ್ಕೆ ಹೊಲ ಮಾರಬೇಡಿ. 2017ರ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಸಿಪಿಗೆ ಅದನ್ನು ಒಪ್ಪಿಗೆ ಪಡೆದ ಸಂಶೋಧನೆಯಲ್ಲಿ ಮಾತ್ರ ಕೊಡಬಹುದು, ಹಣ ತೆಗೆದುಕೊಂಡು ಚಿಕಿತ್ಸೆ ಅಂತ ಮಾರುವ ಹಾಗಿಲ್ಲ. ಬದಲಿಗೆ ಸಿಪಿಯಂಥ ಅಂಗವೈಕಲ್ಯ ಇರುವವರಿಗಾಗಿ ಇರುವ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಮಾಡಿಸಿ, ವರ್ಷಕ್ಕೆ 1 ಲಕ್ಷದವರೆಗೆ ಇದೆ, ಥೆರಪಿ ಖರ್ಚೂ ಸೇರುತ್ತದೆ. ದಾವಣಗೆರೆಯಲ್ಲೇ ಸಿಆರ್‌ಸಿ ಅನ್ನುವ, ಅಂಗವಿಕಲರ ಪುನರ್ವಸತಿಯ ಸರ್ಕಾರಿ ಕೇಂದ್ರ ಇದೆ, ಅಲ್ಲೂ ಒಮ್ಮೆ ತೋರಿಸಿ.

ಎಲ್ಲರಿಗೂ ಒಂದು ಮಾತು: ಒಂದೇ ಕಾಲು ದಿಢೀರನೆ ಊದಿ ಬಿಸಿ ಆದರೆ, ಮುಟ್ಟಿದರೆ ಮಗು ಅತ್ತರೆ, ಅದನ್ನು ಸಿಪಿ ಉರಿಯೂತ ಅಂದುಕೊಂಡು ಮನೆಯಲ್ಲಿ ಕೂರಬೇಡಿ. ನಡೆಯದ ಮಕ್ಕಳಲ್ಲಿ, ಅದರಲ್ಲೂ ಫಿಟ್ಸ್ ಮಾತ್ರೆ ತಿನ್ನುವವರಲ್ಲಿ ಮೂಳೆ ಮೆದುವಾಗಿರುತ್ತದೆ, ಬಟ್ಟೆ ಹಾಕುವಾಗಲೂ ಮುರಿಯಬಹುದು. ಅವತ್ತೇ ಎಕ್ಸ್‌ರೇ ತೆಗೆಸಿ.