ಗೋದಾಮಿನಲ್ಲಿ ಸಿಕ್ಕ ತಾತನವರ ಜಾವಾ 250: ಆರ್‌ಸಿ ಇಲ್ಲ, ಕಾರ್ಬುರೇಟರ್ ಇಲ್ಲ, ಎಲ್ಲಿಂದ ಆರಂಭಿಸಬೇಕು?

ನಾಪೋಕ್ಲು ಎ ಟೈಪ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಸಮೀಪದ ನಮ್ಮ ಕಾಫಿ ತೋಟದ ಹಳೆಯ ಗೋದಾಮನ್ನು ತೆರವು ಮಾಡಿಸುವಾಗ, ಪೊಟ್ಯಾಷ್ ಮತ್ತು ಮೈಲುತುತ್ತದ ಚೀಲಗಳ ಹಿಂದೆ ನಮ್ಮ ತಾತನವರು ಓಡಿಸುತ್ತಿದ್ದ ಜಾವಾ 250 ಸಿಕ್ಕಿದೆ. ತಾತನವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಮನೆಯವರ ನೆನಪಿನ ಪ್ರಕಾರ ಇದು ಅರವತ್ತರ ದಶಕದ ಕೊನೆಯಲ್ಲಿ ಕೊಂಡ ಗಾಡಿ. ಹಿಂದಿನ ನಂಬರ್ ಪ್ಲೇಟ್ ಉಳಿದಿದ್ದು, ಅದರ ಮೇಲಿನ ಹಳೆಯ ನಂಬರನ್ನು ಓದಬಹುದು. ಎಂಜಿನ್ ನಂಬರ್ ಸ್ಪಷ್ಟವಾಗಿದೆ. ಆದರೆ ಚಾಸಿಸ್ ನಂಬರ್ ಇರುವ ಜಾಗದಲ್ಲಿ ತುಕ್ಕು ಹಪ್ಪಳೆಗಟ್ಟಿದೆ.

ಆರ್‌ಸಿ ಪುಸ್ತಕ ಎಲ್ಲಿಯೂ ಸಿಗಲಿಲ್ಲ. ಕಾರ್ಬುರೇಟರ್, ಅದರ ಮೇಲಿನ ತಗಡಿನ ಮುಚ್ಚಳ, ಬಲಗಡೆಯ ಸೈಲೆನ್ಸರ್ ಮತ್ತು ಹೆಡ್‌ಲೈಟಿನ ರಿಂಗ್ ಕಾಣೆಯಾಗಿವೆ. ಕಿಕ್ ಒಂದಿಷ್ಟೂ ಅಲುಗುವುದಿಲ್ಲ. ಒಬ್ಬ ಮಧ್ಯವರ್ತಿಯು ಇದೇ ಕಾಲದ ಬೇರೊಂದು ಜಾವಾದ ಆರ್‌ಸಿ ತನ್ನ ಬಳಿ ಇದೆಯೆಂದೂ, ಅದರಲ್ಲಿರುವ ನಂಬರನ್ನು ನಮ್ಮ ಚಾಸಿಸ್ ಮೇಲೆ ಹೊಡೆಸಿಕೊಟ್ಟರೆ ಕೆಲಸ ಒಂದೇ ವಾರದಲ್ಲಿ ಮುಗಿಯುತ್ತದೆಂದೂ ಹೇಳುತ್ತಿದ್ದಾನೆ. ನನಗೆ ಇದು ಸರಿ ಕಾಣುತ್ತಿಲ್ಲ. ಹಾಗಾದರೆ ಸರಿಯಾದ ದಾರಿ ಯಾವುದು, ಮತ್ತು ಮೊದಲು ಕೈಹಾಕಬೇಕಾದದ್ದು ಕಾಗದಕ್ಕೋ ಎಂಜಿನ್ನಿಗೋ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಮಡಿಕೇರಿ ಹಳೆಯ ದಾಖಲೆ ಉತ್ತರಿಸಿದ್ದು:

ಮೊದಲು ಆ ಮಧ್ಯವರ್ತಿಗೆ ಬೇಡವೆಂದು ಖಡಾಖಂಡಿತವಾಗಿ ಹೇಳಿಬಿಡಿ. ಚಾಸಿಸ್ ನಂಬರನ್ನು ಅಳಿಸಿ ಬೇರೆಯದನ್ನು ಹೊಡೆಸುವುದು ಅಪರಾಧ. ಅದಕ್ಕಿಂತ ದೊಡ್ಡ ಮಾತೆಂದರೆ, ಹಾಗೆ ಮಾಡಿದ ಕ್ಷಣದಿಂದ ಅದು ನಿಮ್ಮ ತಾತನವರ ಗಾಡಿಯಾಗಿ ಉಳಿಯುವುದಿಲ್ಲ. ಮುಂದೆ ಎಷ್ಟು ಹಣ ಸುರಿದರೂ ಅದನ್ನು ಹಿಂದಕ್ಕೆ ತರಲು ಬರುವುದಿಲ್ಲ.

ನಿಮ್ಮ ಕೈಯಲ್ಲಿ ಹಳೆಯ ನೋಂದಣಿ ನಂಬರ್ ಇರುವುದೇ ದೊಡ್ಡ ಭಾಗ್ಯ. ಮೋಟಾರು ವಾಹನ ಕಾಯ್ದೆ 1988 ಜಾರಿಗೆ ಬಂದದ್ದು 1989ರ ಜುಲೈ 1ರಂದು. ಕೆಎ ಅಕ್ಷರಗಳಿಂದ ಆರಂಭವಾಗುವ ಸರಣಿ ಆ ಕಾಲದ್ದು, ಮಡಿಕೇರಿಯ ಕೆಎ 12 ಕೂಡ ಅದರಲ್ಲಿಯೇ ಬಂದದ್ದು. ನಿಮ್ಮದು ಅದಕ್ಕಿಂತ ಹಿಂದಿನದಾದ್ದರಿಂದ ಆನ್‌ಲೈನ್‌ನಲ್ಲಿ ಹುಡುಕಿದರೆ ಏನೂ ಬಾರದಿರಬಹುದು, ಅದರಿಂದ ಎದೆಗುಂದಬೇಡಿ. ಆರ್‌ಟಿಓ ಕಚೇರಿಗೆ ಹೋಗಿ ಆ ನಂಬರಿನ ಬಿ ಎಕ್ಸ್‌ಟ್ರ್ಯಾಕ್ಟ್‌ಗೆ ಅರ್ಜಿ ಕೊಡಿ. ಕಚೇರಿಯ ಹಳೆಯ ರಿಜಿಸ್ಟರಿನಲ್ಲಿರುವ ಮಾಲೀಕರ ಹೆಸರು, ಎಂಜಿನ್ ಮತ್ತು ಚಾಸಿಸ್ ನಂಬರ್, ನೋಂದಣಿಯ ದಿನಾಂಕ ಹಾಗೂ ತೆರಿಗೆಯ ವಿವರ ಎಲ್ಲವೂ ಅದರಲ್ಲಿ ಬರುತ್ತವೆ. ಜಾವಾ ತಯಾರಾಗುತ್ತಿದ್ದದ್ದು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಕೊಡಗಿನವರು ಮೈಸೂರಿಗೇ ಹೋಗಿ ಗಾಡಿ ಕೊಂಡು ಅಲ್ಲಿಯೇ ನೋಂದಣಿ ಮಾಡಿಸಿರುವ ಸಾಧ್ಯತೆಯೂ ಇರುವುದರಿಂದ, ಮಡಿಕೇರಿಯಲ್ಲಿ ದಾಖಲೆ ಸಿಗದಿದ್ದರೆ ಮೈಸೂರಿನಲ್ಲಿಯೂ ವಿಚಾರಿಸಬೇಕು.

ಬಿ ಎಕ್ಸ್‌ಟ್ರ್ಯಾಕ್ಟ್ ಕೈಗೆ ಬಂದ ಮೇಲೆ ಆರ್‌ಸಿ ಕಳೆದಿರುವ ಬಗ್ಗೆ ಪೊಲೀಸರಿಗೆ ದೂರು ಕೊಟ್ಟು, ನಮೂನೆ 26ರಲ್ಲಿ ನಕಲು ಆರ್‌ಸಿಗೆ ಅರ್ಜಿ ಸಲ್ಲಿಸಬೇಕು. ಮಾಲೀಕರು ತೀರಿಕೊಂಡಿರುವುದರಿಂದ ಹೆಸರು ಬದಲಾವಣೆಗೆ ನಮೂನೆ 31 ಬೇಕಾಗುತ್ತದೆ. ಅದರೊಡನೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ಟುಗಳನ್ನು ಕೇಳುತ್ತಾರೆ. ದೊಡ್ಡ ಕುಟುಂಬವಾದರೆ ಹೆಚ್ಚು ಸಮಯ ಹಿಡಿಯುವುದು ಈ ಹಂತವೇ, ಆದ್ದರಿಂದ ಹಬ್ಬಕ್ಕೆಂದು ಎಲ್ಲರೂ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆಯಲ್ಲಿ) ಸೇರುವ ದಿನವೇ ಸಹಿಗಳನ್ನು ಪಡೆದಿಟ್ಟುಕೊಳ್ಳಿ. ನೋಂದಣಿ ನವೀಕರಣ ನಮೂನೆ 25ರಲ್ಲಿ. ಅದಕ್ಕೆ ಗಾಡಿಯನ್ನು ತಪಾಸಣೆಗೆ ಒಡ್ಡಬೇಕು ಮತ್ತು ವಿಮೆ ಇರಬೇಕು. ಅಲ್ಲಿಯವರೆಗೆ ಗಾಡಿ ಎಲ್ಲಿಗೆ ಹೋಗಬೇಕಾದರೂ ಪಿಕಪ್ ಮೇಲೆಯೇ ಹೋಗಲಿ.

ಚಾಸಿಸ್ ನಂಬರ್ ಹ್ಯಾಂಡಲ್ ಕೆಳಗಿನ ಸ್ಟೀರಿಂಗ್ ಹೆಡ್ ಮೇಲಿರುತ್ತದೆ. ಅಲ್ಲಿಗೆ ಗ್ರೈಂಡರ್, ಉಕ್ಕಿನ ಬ್ರಷ್, ಸ್ಯಾಂಡ್ ಬ್ಲಾಸ್ಟಿಂಗ್ ಯಾವುದನ್ನೂ ತಾಗಿಸಬೇಡಿ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಒಂದು ರಾತ್ರಿ ಸುತ್ತಿಟ್ಟು, ಮರುದಿನ ಹಿತ್ತಾಳೆಯ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಅಕ್ಷರಗಳು ಕಾಣತೊಡಗಿದ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್ ಪ್ರಿಂಟ್ ತೆಗೆದುಕೊಳ್ಳಿ. ಆ ಜಾಗದಲ್ಲಿ ಉಜ್ಜಿದ ಗೆರೆಗಳು ಕಂಡರೆ ಇನ್‌ಸ್ಪೆಕ್ಟರ್ ಅನುಮಾನಪಡುವುದು ಸಹಜ.

ಯಾದವಗಿರಿ ಟೂ ಸ್ಟ್ರೋಕ್ ಉತ್ತರಿಸಿದ್ದು:

ಕಾಗದದ ಮಾತನ್ನು ಮೇಲಿನವರು ಸರಿಯಾಗಿ ಹೇಳಿದ್ದಾರೆ. ಎಂಜಿನ್ನಿನ ಬಗ್ಗೆ ನಾನು ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಸಿಗದ ಕಾರ್ಬುರೇಟರ್ ಅಲ್ಲ, ಮೈಲುತುತ್ತದ ಚೀಲ. ಗಿಡಗಳ ಶಿಲೀಂಧ್ರ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಮಳೆಗಾಲದ ತೇವದಲ್ಲಿ ಅದು ಕರಗಿ ಅಲ್ಯೂಮಿನಿಯಂ ಮೇಲೆ ಬಿದ್ದರೆ ತಾಮ್ರವು ಅಲ್ಲಿ ಕೂತು, ಲೋಹವನ್ನು ಗುಳಿ ಗುಳಿಯಾಗಿ ತಿನ್ನುತ್ತದೆ. ಪೊಟ್ಯಾಷ್ ಕ್ಲೋರೈಡ್ ಉಪ್ಪಾದ್ದರಿಂದ ತೇವವನ್ನು ಎಳೆದುಕೊಂಡು ಕಬ್ಬಿಣಕ್ಕೆ ಅದೇ ಕೇಡನ್ನು ಮಾಡುತ್ತದೆ. ಆದ್ದರಿಂದ ಬೇರೆ ಏನನ್ನೂ ಬಿಚ್ಚುವ ಮೊದಲು ಕಾರ್ಬುರೇಟರಿನ ದ್ವಾರವನ್ನೂ ಸೈಲೆನ್ಸರ್ ಕೂರುವ ಬಾಯಿಯನ್ನೂ ಬಿಗಿಯಾಗಿ ಮುಚ್ಚಿ, ಇಡೀ ಗಾಡಿಯನ್ನು ಸೌಮ್ಯ ಸಾಬೂನು ಮತ್ತು ಧಾರಾಳ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಬಳಿಕ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ ಲೋಹದ ಕವಚದ) ಎರಡು ಹೋಳುಗಳು ಸೇರುವ ಅಂಚನ್ನು ಟಾರ್ಚ್ ಹಿಡಿದು ನೋಡಿ. ಬಿಳಿ ಹುಡಿ ಕಂಡ ಕಡೆ ಉಗುರಿನಿಂದ ಕೆರೆದರೆ ಗುಳಿ ಎಷ್ಟು ಆಳವಿದೆಯೆಂಬುದು ಗೊತ್ತಾಗುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾದುಹೋಗುವುದರಿಂದ ಆ ಅಂಚಿನಲ್ಲಿ ಗಾಳಿ ಸೋರಿದರೂ ಗಾಡಿ ಸರಿಯಾಗಿ ಓಡುವುದಿಲ್ಲ.

ಕಿಕ್ ಮೇಲೆ ನಿಂತು ತುಳಿಯಬೇಡಿ. ಜಾವಾದಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಆದ್ದರಿಂದ ಬಲಪ್ರಯೋಗದಿಂದ ಹಾಳಾಗುವ ಭಾಗಗಳು ಹೆಚ್ಚು. ಸ್ಪಾರ್ಕ್ ಪ್ಲಗ್ ಬಿಚ್ಚಿ ಪಿಸ್ಟನ್ ಎಲ್ಲಿ ನಿಂತಿದೆಯೆಂದು ತೆಳುವಾದ ಕಡ್ಡಿಯಿಂದ ನೋಡಿಕೊಳ್ಳಿ. ಮೇಲ್ಭಾಗದಲ್ಲಿದ್ದರೆ ಡೀಸೆಲ್ ಮತ್ತು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಬೆರೆಸಿ ಸುರಿದು ಕೆಲವು ದಿನ ಬಿಡಬಹುದು. ಕೆಳಗೆ ನಿಂತಿದ್ದರೆ ಸುರಿದ ಎಣ್ಣೆ ಪೋರ್ಟುಗಳ (ಸಿಲಿಂಡರಿನ ಗೋಡೆಯ ಕಿಂಡಿಗಳ) ಮೂಲಕ ಹರಿದುಹೋಗುವುದರಿಂದ ಹೆಡ್ ಬಿಚ್ಚಿಯೇ ಕೆಲಸ ಮಾಡಬೇಕಾಗುತ್ತದೆ. ಪಿಸ್ಟನ್ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆಯುವ ಮೆಕ್ಯಾನಿಕ್ ಸಿಕ್ಕರೆ ಗಾಡಿಯನ್ನು ಅಲ್ಲಿಂದ ಹೊರಡಿಸಿಕೊಂಡು ಬನ್ನಿ, ಏಕೆಂದರೆ ಆ ಪೆಟ್ಟು ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಹೋಗಿ ಮುಟ್ಟುತ್ತದೆ.

ಬ್ಯಾರೆಲ್ (ಪಿಸ್ಟನ್ ಓಡಾಡುವ ಸಿಲಿಂಡರ್) ಹೊರಬಂದ ಮೇಲೆ ಬೋರ್, ಅಂದರೆ ಅದರ ಒಳವ್ಯಾಸ, ಅಳತೆ ಮಾಡಿಸಿ. ಮೂಲ ಅಳತೆ 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75 ಮಿ.ಮೀ. ಕಾಲು ಕಾಲು ಮಿಲಿಮೀಟರ್ ಹೆಚ್ಚಿಸಿದ ಓವರ್‌ಸೈಜ್ ಪಿಸ್ಟನ್‌ಗಳು ದೊರೆಯುತ್ತವೆ. ಪಿಸ್ಟನ್ ಕೈಯಲ್ಲಿದ್ದ ಮೇಲೆಯೇ ಅದರ ಅಳತೆಗೆ ಬೋರ್ ಮಾಡಿಸಬೇಕೇ ಹೊರತು ಬೋರ್ ಮಾಡಿಸಿ ಪಿಸ್ಟನ್ ಹುಡುಕಬಾರದು. ರಾಡನ್ನು ಮೇಲೆ ಕೆಳಗೆ ಅಲುಗಿಸಿದಾಗ ಆಟ ಕಂಡರೆ ಕ್ರ್ಯಾಂಕ್ ಬಿಡಿಸಿ ಹೊಸ ರಾಡ್ ಹಾಕಿಸಬೇಕು. ಈ ಕೆಲಸವನ್ನು ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಉಪಕರಣ) ಇಟ್ಟು ಸರಿಪಡಿಸುವ ಕಡೆಯೇ ಕೊಡಿ. ಐಡಿಯಲ್ ಜಾವಾ 1996ರಲ್ಲಿ ಮುಚ್ಚಿದರೂ ಈ ಎಂಜಿನ್ನಿನ ಮೇಲೆ ಕೈ ಪಳಗಿದವರು ಮೈಸೂರಿನಲ್ಲಿ ಇನ್ನೂ ಇದ್ದಾರೆ.

ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳನ್ನು ನೋಡಲು ಚೆನ್ನಾಗಿದ್ದರೂ ಬದಲಾಯಿಸಲೇಬೇಕು. ಡೈನಮೋ ಕಡೆಯದು ಗಟ್ಟಿಯಾಗಿದ್ದರೆ ಗಾಳಿ ಎಳೆದು ಮಿಶ್ರಣ ತೆಳುವಾಗಿ ಹೊಸ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಕ್ಲಚ್ ಕಡೆಯದು ಹೋಗಿದ್ದರೆ ಗೇರ್ ಆಯಿಲ್ ಒಳಸೇರಿ ಹೊಗೆ ನಿಲ್ಲುವುದೇ ಇಲ್ಲ.

ಗೋಣಿಕೊಪ್ಪಲು ಬಿ ಟೈಪ್ ಉತ್ತರಿಸಿದ್ದು:

ಬಿಡಿಭಾಗಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಸೇರಿಸುತ್ತೇನೆ. ಮೂಲ ಜಿಕೋವ್ ಕಾರ್ಬುರೇಟರ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ಜಾವಾ ಮಾಲೀಕರ ಗುಂಪುಗಳಲ್ಲಾಗಲಿ ಹುಡುಕಿದರೆ ಸಿಗುತ್ತದೆ. ಕೊಳ್ಳುವಾಗ ಅದರೊಳಗೆ ಮೇಲೆ ಕೆಳಗೆ ಜಾರುವ ಸ್ಲೈಡ್ ಸವೆದು ಸಡಿಲವಾಗಿದೆಯೇ ಎಂಬುದನ್ನು ಮುಖ್ಯವಾಗಿ ನೋಡಿ. 2018ರಲ್ಲಿ ಜಾವಾ ಹೆಸರಿನಲ್ಲಿ ಮತ್ತೆ ಬಂದ ಗಾಡಿಗಳು ಫೋರ್ ಸ್ಟ್ರೋಕ್ ಆಗಿದ್ದು, ಅವುಗಳ ಭಾಗಗಳು ಇದಕ್ಕೆ ಹೊಂದುವುದಿಲ್ಲ. ಈಗ ಸಿಗುವ ನಕಲು ಸೈಲೆನ್ಸರುಗಳ ತಗಡು ತೆಳು ಮತ್ತು ಕ್ರೋಮ್ ಇನ್ನೂ ತೆಳು. ನಮ್ಮ ಕೊಡಗಿನ ಒಂದು ಮಳೆಗಾಲಕ್ಕೆ ಅದರಲ್ಲಿ ತುಕ್ಕು ಕಾಣಿಸಿಕೊಳ್ಳುತ್ತದೆ. ತೂತಿದ್ದರೂ ಸರಿ, ಹಳೆಯ ಸೈಲೆನ್ಸರ್ ಸಿಕ್ಕರೆ ವೆಲ್ಡ್ ಮಾಡಿಸಿ ಕ್ರೋಮ್ ಹಾಕಿಸುವುದೇ ಮೇಲು.

ಟ್ಯಾಂಕಿನ ಮೇಲೆ ಮೂಲ ಮೆರೂನ್ ಬಣ್ಣ ಅರ್ಧ ಉಳಿದಿದ್ದರೂ ಅದನ್ನು ಕೆರೆಸಿ ಹೊಸ ಬಣ್ಣ ಬಳಿಸಬಾರದೆಂಬುದು ನನ್ನ ಬಲವಾದ ನಂಬಿಕೆ. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಹಾಕಿಸಬಹುದು, ಕಾರ್ಖಾನೆಯ ಬಣ್ಣ ಹೋದರೆ ಹೋಯಿತು. ಒಳಗಿನ ತುಕ್ಕನ್ನು ಮಾತ್ರ ತೆಗೆಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಅದು ನಮ್ಮ ತೇವದ ಗಾಳಿಯಲ್ಲಿ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನೂ ಕೆಡಿಸುತ್ತದೆ. ಪೈಪು ಬದಲಾಯಿಸಿ, ಜೂನ್‌ನಿಂದ ಗಾಡಿ ನಿಲ್ಲಿಸುವುದಾದರೆ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ.

ನಾಪೋಕ್ಲು ಎ ಟೈಪ್ ಬರೆದದ್ದು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಧ್ಯವರ್ತಿಗೆ ಇಲ್ಲವೆಂದು ಹೇಳಿದ್ದೇನೆ. ಇನ್ನೊಂದು ಸಂದೇಹವಿದೆ. ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಇದೆಯೆಂದು ಕೇಳಿದ್ದೇನೆ. ಆರ್‌ಸಿ ಇಲ್ಲದವರಿಗೆ ಅದೇ ಸುಲಭದ ದಾರಿಯಾಗಬಹುದೇ?

ಮಡಿಕೇರಿ ಹಳೆಯ ದಾಖಲೆ ಉತ್ತರಿಸಿದ್ದು:

ಆಗುವುದಿಲ್ಲ. 2021ರ ವಿಂಟೇಜ್ ನಿಯಮದಲ್ಲಿಯೂ ಭಾರತದಲ್ಲಿ ಈಗಾಗಲೇ ನೋಂದಣಿಯಾದ ಗಾಡಿಗೆ ಹಳೆಯ ಆರ್‌ಸಿಯನ್ನು ಕೇಳುತ್ತಾರೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿಸ್, ಬಾಡಿ ಅಥವಾ ಎಂಜಿನ್ ಮಾರ್ಪಾಡಾಗಿರಬಾರದು. ಹಾಗೆ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದವುಗಳಿಗಷ್ಟೇ ರಸ್ತೆಗೆ ತರಬಹುದು. ವಾರಕ್ಕೊಮ್ಮೆ ಮಡಿಕೇರಿ ಸಂತೆಗೆ ಓಡಿಸಬೇಕೆಂಬ ಆಸೆಯಿದ್ದರೆ ನಿಮಗೆ ಬೇಕಾದದ್ದು ಹಳೆಯ ನಂಬರಿನಲ್ಲಿಯೇ ಸಾಮಾನ್ಯ ನವೀಕರಣ. ಎರಡರಲ್ಲಿ ಯಾವುದಾದರೂ ಮೊದಲ ಹೆಜ್ಜೆ ಬಿ ಎಕ್ಸ್‌ಟ್ರ್ಯಾಕ್ಟ್. ಅರ್ಜಿ ಕೊಡುವಾಗ ನಂಬರ್ ಪ್ಲೇಟಿನ ಮತ್ತು ಎಂಜಿನ್ ನಂಬರಿನ ಫೋಟೋಗಳನ್ನು ಮುದ್ರಿಸಿ ಜೊತೆಯಲ್ಲಿಟ್ಟುಕೊಳ್ಳಿ. ತಾತನವರ ಪೆಟ್ಟಿಗೆಯಲ್ಲಿ ಹಳೆಯ ವಿಮೆ ಅಥವಾ ತೆರಿಗೆಯ ರಸೀದಿಗಳಿವೆಯೇ ಎಂದು ಒಮ್ಮೆ ಹುಡುಕಿ, ರಿಜಿಸ್ಟರಿನ ಪುಟ ಸಿಗದಿದ್ದರೆ ಆಧಾರವಾಗಿ ಉಳಿಯುವುದು ಅವೇ.