ಹಳೆಯ ವೀಡಿಯೋ ಗೇಮ್ ಈಗ ತೆಗೆದುಕೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಒಂದು ಹಳೆಯ ವೀಡಿಯೋ ಗೇಮ್ ತೆಗೆದುಕೊಳ್ಳಬೇಕು ಅಂತ ಬಹಳ ದಿನದಿಂದ ಮನಸ್ಸಿದೆ. ಉಪ್ಪಳದಲ್ಲಿ ಗೊತ್ತಿರುವವರ ಮನೆಯಲ್ಲಿ ದುಬೈಯಿಂದ ತಂದ ಪ್ಲೇಸ್ಟೇಷನ್ 2 ಇದೆ, ಕೊಡುತ್ತಾರಂತೆ. ಆನ್‌ಲೈನಿನಲ್ಲಿ ನೋಡಿದರೆ ಜಪಾನಿನ ಫ್ಯಾಮಿಕಾಮ್ ಅನ್ನುವ ಹಳೆಯ ಮೆಷಿನ್ ಆಸೆ ಹುಟ್ಟಿಸುತ್ತದೆ. ಸಾವಿರಾರು ಆಟ ತುಂಬಿಸಿದ, ಕೈಯಲ್ಲಿ ಹಿಡಿದು ಆಡುವ ಸಣ್ಣ ಮೆಷಿನ್‌ಗಳೂ ಇವೆ. ಮನೆಯಲ್ಲಿರುವುದು ಎಲ್‌ಇಡಿ ಟಿವಿ. ನನಗೂ ಆಡಬೇಕು, ಐದನೇ ಕ್ಲಾಸಿನ ಮಗಳ ಜೊತೆಗೂ ಆಡಬೇಕು. ಹದಿನೈದು ಸಾವಿರದ ಒಳಗೆ ಆಗಬೇಕು. ನಮ್ಮ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಈಗ ಇದಕ್ಕೆ ದುಡ್ಡು ಹಾಕುವುದು ಸರಿಯಾ?

ಕುಂಬಳೆಯಿಂದ:

ಮೊದಲು ಉಪ್ಪಳಕ್ಕೆ ಹೋಗಿ ಬನ್ನಿ ಮಾರಾಯ್ರೇ. ನಮ್ಮ ಕಡೆ ಗಲ್ಫಿನಿಂದ ಬಂದ ಪ್ಲೇಸ್ಟೇಷನ್ 2 ಎಷ್ಟೋ ಮನೆಗಳ ಕಪಾಟಿನಲ್ಲಿ ಸುಮ್ನೆ ಕೂತಿದೆ. ಅದು ಬಂದದ್ದು 2000ದಲ್ಲಿ. ಪ್ರಪಂಚದಲ್ಲಿ 15 ಕೋಟಿಗೂ ಜಾಸ್ತಿ ಮಾರಿದ ಮೆಷಿನ್ ಅದು. ಹಾಗಾಗಿ ರಿಮೋಟ್, ವೈರ್, ಲೇಸರ್, ಬೆಲ್ಟ್ ಎಲ್ಲ ಈಗಲೂ ಸಿಗುತ್ತವೆ. ಹಳೆಯ ವಸ್ತು ಕೊಳ್ಳುವಾಗ ನಾನು ನೋಡುವುದು ಇದನ್ನೇ. ಕೆಟ್ಟರೆ ಸಾಮಾನು ಸಿಗುತ್ತದಾ? ಅಪರೂಪದ ಮೆಷಿನ್ ಕಪಾಟಿನಲ್ಲಿ ಚೆಂದ, ಕೆಟ್ಟ ದಿನ ಕಣ್ಣೀರು.

ಇನ್ನೊಂದು ಅನುಕೂಲ ಇದೆ. ಅದರಲ್ಲಿ ಹಳೆಯ ಪ್ಲೇಸ್ಟೇಷನ್ 1ರ ಡಿಸ್ಕ್‌ಗಳೂ ಓಡುತ್ತವೆ. ಟೆಕ್ಕನ್ 3, ಕ್ರ್ಯಾಶ್ ಬ್ಯಾಂಡಿಕೂಟ್ ಆಡಿದವರಿಗೆ ಒಂದೇ ಪೆಟ್ಟಿಗೆಯಲ್ಲಿ ಎರಡು ಕಾಲದ ಆಟ. ಮಗಳಿಗಾದರೆ ಐಟಾಯ್ ಕ್ಯಾಮೆರಾ ಹುಡುಕಿ. 2003ರಲ್ಲಿ ಬಂದದ್ದು. ಟಿವಿ ಮುಂದೆ ನಿಂತು ಕೈ ಬೀಸಿ ಆಡುವುದು. ನಮ್ಮ ಮನೆಯಲ್ಲಿ ರಜೆಗೆ ಬಂದ ಮಕ್ಕಳೆಲ್ಲ ಅದಕ್ಕೇ ಮುಗಿಬೀಳುತ್ತಾರೆ.

ಮಳೆಯ ಬಗ್ಗೆ ಕೇಳಿದಿರಿ. ಆಟಿ ತಿಂಗಳಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಲೇಸರಿನ ಕಣ್ಣಿಗೆ ಬಾರದೆ ಇರುತ್ತದಾ? ನಾನು ಡಿಸ್ಕ್ ಮತ್ತು ಮೆಮೊರಿ ಕಾರ್ಡುಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಬಣ್ಣ ಬದಲಾಗುವ ಜೆಲ್ ತನ್ನಿ. ತೇವ ಹೀರಿದ್ದು ಕಣ್ಣಿಗೆ ಕಾಣುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಮೆಷಿನ್ನನ್ನು ಮಾತ್ರ ಡಬ್ಬದಲ್ಲಿ ಮುಚ್ಚಿಟ್ಟು ಮರೆಯಬೇಡಿ. ಮಳೆಗಾಲದಲ್ಲಿ ಆಗಾಗ ಆನ್ ಮಾಡಿ ಅರ್ಧ ಗಂಟೆ ಓಡಿಸಿ. ಒಳಗಿನ ಬಿಸಿಗೇ ತೇವ ಆರುತ್ತದೆ. ಸಿಡಿಲಿನ ಹೊತ್ತಿಗೆ ಪ್ಲಗ್ ತೆಗೆದರೆ ಸಾಲದು, ಟಿವಿಗೆ ಹೋದ ವೈರನ್ನೂ ಬಿಡಿಸಿ. ಕೇಬಲ್ ದಾರಿಯಲ್ಲಿ ಬಂದ ಸಿಡಿಲು ಟಿವಿ ದಾಟಿ ಇದಕ್ಕೂ ತಾಗಬಹುದು.

ಹೊಸೂರಿನಿಂದ:

ಕುಂಬಳೆಯವರ ಮಾತಿಗೆ ನನ್ನದೂ ಒಪ್ಪಿಗೆ ಇದೆ. ನಾನು ಎಲೆಕ್ಟ್ರಾನಿಕ್ಸ್ ರಿಪೇರಿ ಕೆಲಸದವನು, ಅದೇ ಕಣ್ಣಲ್ಲಿ ಒಂದಿಷ್ಟು ಹೇಳುತ್ತೇನೆ.

ಸರ್, ಮೊದಲು ಕರೆಂಟಿನ ವಿಷಯ. ಜಪಾನಿನಲ್ಲಿ ಬರುವುದು 100 ವೋಲ್ಟ್, ಅಮೆರಿಕದಲ್ಲಿ 120. ನಮ್ಮಲ್ಲಿ 230. ಅಲ್ಲಿನ ಹಳೆಯ ಅಡಾಪ್ಟರನ್ನು ನಮ್ಮ ಸಾಕೆಟ್ಟಿಗೆ ನೇರ ಹಾಕಿದರೆ ಹೊಗೆ ಬರುತ್ತದೆ. ಗಲ್ಫಿನ ಮೆಷಿನ್‌ಗೆ ಈ ಕಾಟ ಇಲ್ಲ. ದುಬೈ ಕರೆಂಟೂ ನಮ್ಮದೂ ಹೆಚ್ಚುಕಡಿಮೆ ಒಂದೇ, ಟಿವಿ ಪದ್ಧತಿಯೂ ನಮ್ಮ ಹಾಗೆ ಪಾಲ್. ಅಲ್ಲಿನ ಚೌಕ ಪಿನ್ನಿನ ಪ್ಲಗ್ ಮಾತ್ರ ನಮ್ಮ ಗೋಡೆಗೆ ಕೂರುವುದಿಲ್ಲ. ಮೊದಲು ಬಂದ ದಪ್ಪ ಮಾದರಿಯಾದರೆ ಅದಕ್ಕೆ ಟೇಪ್‌ರೆಕಾರ್ಡರಿಗೆ ಹಾಕುತ್ತಿದ್ದ ಎರಡು ತೂತಿನ ವೈರ್ ಸಾಕು, ಯಾವ ಅಂಗಡಿಯಲ್ಲೂ ಸಿಗುತ್ತದೆ. ಆದರೂ ಮೆಷಿನ್ ಮಗುಚಿ ಹಾಕಿ ಅಡಿಯ ಲೇಬಲ್ ಓದಿ. 220–240 ಅಂತ ಇರಬೇಕು. ಗಲ್ಫಿನಿಂದ ಬಂದದ್ದೆಲ್ಲ ಗಲ್ಫಿಗೇ ಮಾಡಿದ್ದು ಅಂತ ನಂಬುವ ಹಾಗಿಲ್ಲ.

ಎರಡನೆಯದು ವಯಸ್ಸು. ಪ್ಲೇಸ್ಟೇಷನ್ 2 ಮಾಡುವುದನ್ನು ನಿಲ್ಲಿಸಿದ ಸುದ್ದಿ ಬಂದದ್ದು 2013ರ ಜನವರಿಯಲ್ಲಿ. ಅಂದರೆ ತೀರಾ ಹೊಸದಕ್ಕೂ ಹನ್ನೆರಡು ವರ್ಷ ದಾಟಿದೆ. ಹಳೆಯ ಮೆಷಿನ್‌ಗಳಲ್ಲಿ ಮೊದಲು ಸೋಲುವುದು ತಿರುಗುವ ಭಾಗಗಳು ಮತ್ತು ಲೇಸರ್. ಆಮೇಲೆ ಕೆಪಾಸಿಟರ್, ಅಂದರೆ ಕರೆಂಟು ಹಿಡಿದಿಡುವ ಸಣ್ಣ ಬಿಡಿಭಾಗ. ಅದರ ರಸ ಸೋರಿ ಬೋರ್ಡಿನ ತಾಮ್ರದ ಗೆರೆ ತಿಂದುಹಾಕುತ್ತದೆ. ಸೇಗಾ ಕಂಪನಿಯ ಗೇಮ್ ಗಿಯರ್ ಅನ್ನುವ ಕೈಯಲ್ಲಿ ಹಿಡಿಯುವ ಮೆಷಿನ್ ಇದಕ್ಕೆ ಹೆಸರುವಾಸಿ. 2001ರ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ ಗಡಿಯಾರಕ್ಕೆ ಅಂತ ಇಟ್ಟ ಒಂದು ಕೆಪಾಸಿಟರ್ ಹೀಗೇ ಸೋರುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಅದನ್ನು ಕಿತ್ತು ಹಾಕುವುದೇ ಒಳ್ಳೆಯದು. ಕಿತ್ತರೆ ಟೈಮ್ ನೆನಪಿರುವುದಿಲ್ಲ, ಅಷ್ಟೇ ನಷ್ಟ. ಕ್ಯಾಸೆಟ್ ಮೆಷಿನ್‌ಗಳಲ್ಲಿ ತಿರುಗುವ ಭಾಗ ಇಲ್ಲದ ಕಾರಣ ಬಾಳಿಕೆ ಜಾಸ್ತಿ. ಆದರೆ ಆಟ ಸೇವ್ ಮಾಡುವ ಕ್ಯಾಸೆಟ್ಟುಗಳ ಒಳಗೆ ಸಣ್ಣ ಬಟನ್ ಸೆಲ್ ಬೆಸುಗೆ ಹಾಕಿರುತ್ತಾರೆ. ಅದು ಸತ್ತರೆ ಸೇವ್ ಹೋಯಿತು. ಬದಲಾಯಿಸಬಹುದು, ದೊಡ್ಡ ಕೆಲಸ ಏನಲ್ಲ.

ಇನ್ನು ನಿಮ್ಮ ಟಿವಿ. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ, ನಾನು ಮೊದಲು ಕೇಳುವುದು ಇದನ್ನೇ. ಎಲ್‌ಇಡಿ ಟಿವಿಯ ಹಿಂದೆ ಹಳದಿ, ಬಿಳಿ, ಕೆಂಪು ತೂತು ಇದೆಯಾ? ಕೆಲವಕ್ಕೆ ಹೆಡ್‌ಫೋನ್ ಪಿನ್ನಿನಂಥ ಒಂದೇ ತೂತಿರುತ್ತದೆ, ಅದಕ್ಕೆ ಬೇರೆ ವೈರ್ ಬೇಕು. ಯಾವುದೂ ಇಲ್ಲದಿದ್ದರೆ ಪ್ಲೇಸ್ಟೇಷನ್ 2ರ ಹಿಂದೆ ಸಿಕ್ಕಿಸುವ ಸಣ್ಣ ಎಚ್‌ಡಿಎಂಐ ಪರಿವರ್ತಕ ಸಿಗುತ್ತದೆ. ಅದನ್ನು ಹಾಕಿದ ಕೂಡಲೇ ಚಿತ್ರದ ಬಣ್ಣ ಎಲ್ಲ ಎಡವಟ್ಟಾಗಿ ಬಂದರೆ ಹೆದರಬೇಡಿ. ಮೆಷಿನ್ನಿನ ಸಿಸ್ಟಂ ಮೆನುವಿಗೆ ಹೋಗಿ ಕಾಂಪೊನೆಂಟ್ ವೀಡಿಯೋ ಅನ್ನುವಲ್ಲಿ ಆರ್‌ಜಿಬಿ ಬಿಟ್ಟು ಇನ್ನೊಂದನ್ನು ಆರಿಸಿ, ಸರಿಯಾಗುತ್ತದೆ. ಪರಿವರ್ತಕ ಹಾಕುವ ಮೊದಲೇ ಮಾಮೂಲಿ ವೈರಿನಲ್ಲಿ ನೋಡಿಕೊಂಡು ಇದನ್ನು ಬದಲಾಯಿಸಿದರೆ ಇನ್ನೂ ಸುಲಭ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಗುಂಡಿ ಒತ್ತಿದ್ದಕ್ಕೂ ತೆರೆಯ ಮೇಲೆ ಆಗುವುದಕ್ಕೂ ನಡುವಿನ ತಡ ಕಡಿಮೆಯಾಗುತ್ತದೆ. ಚಿತ್ರದ ಅಳತೆ 4:3ಕ್ಕೆ ಇಡಿ. ಇಲ್ಲದಿದ್ದರೆ ಎಲ್ಲರೂ ಗುಂಡುಗುಂಡಾಗಿ ಕಾಣುತ್ತಾರೆ.

ಅಕ್ಕಲಕೋಟೆಯಿಂದ:

ಒಂದೇ ಪ್ರಶ್ನೆ ಅಣ್ಣ. ನಿಮಗೆ ಬೇಕಾದದ್ದು ಹಳೆಯ ಆಟವಾ, ಹಳೆಯ ಮೆಷಿನ್ನಾ?

ಆಟ ಮಾತ್ರ ಸಾಕು ಅಂದರೆ ಕೈಯಲ್ಲಿ ಹಿಡಿಯುವ ಮೆಷಿನ್ ತೆಗೆದುಕೊಳ್ಳಿ. ಆನ್‌ಬರ್ನಿಕ್ ಆರ್‌ಜಿ35ಎಕ್ಸ್‌ಎಕ್ಸ್, ಮಿಯೂ ಮಿನಿ ಪ್ಲಸ್, ಈ ಜಾತಿಯವು. ಮೂರೂವರೆ ಇಂಚಿನ ತೆರೆ. ಪ್ಲೇಸ್ಟೇಷನ್ 1ರ ತನಕ ಚೆನ್ನಾಗಿ ಓಡಿಸುತ್ತವೆ, ಪ್ಲೇಸ್ಟೇಷನ್ 2 ಓಡಿಸುವ ತಾಕತ್ತು ಇವಕ್ಕಿಲ್ಲ. ನಾನು ಸೊಲ್ಲಾಪುರಕ್ಕೆ ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಇದರಲ್ಲೇ ಆಡುವುದು. ಎಲ್ಲಿ ಬೇಕಾದರೂ ನಿಲ್ಲಿಸಿ ಆಮೇಲೆ ಅಲ್ಲಿಂದಲೇ ಮುಂದುವರಿಸಬಹುದು. ಕೆಲಸ, ಮನೆ ಇದ್ದವರಿಗೆ ಇದು ದೊಡ್ಡ ವಿಷಯ. ಮೆಷಿನ್ ಜೊತೆ ಬರುವ ಮೆಮೊರಿ ಕಾರ್ಡ್ ಬೇಗ ಕೈಕೊಡುತ್ತದೆ, ಒಳ್ಳೆಯದೊಂದು ಹಾಕಿಕೊಳ್ಳಿ.

ಅದಕ್ಕೂ ಮೊದಲು ನಿಮ್ಮ ಆಂಡ್ರಾಯ್ಡ್ ಫೋನಿಗೆ ಹಳೆಯ ಆಟ ಓಡಿಸುವ ರೆಟ್ರೋಆರ್ಚ್ ಆ್ಯಪ್ ಹಾಕಿ ನೋಡಿ. ಖರ್ಚಿಲ್ಲ. ಒಂದು ತಿಂಗಳು ಆಡುತ್ತೀರಾ ನೋಡಿಕೊಂಡು ಆಮೇಲೆ ಕೊಳ್ಳಿ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. 1957ರ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ, ನೀವು ಸರಿಯಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮನ್ನು ವ್ಯಾಪಾರಕ್ಕಲ್ಲದೆ ಸ್ವಂತ ಬಳಕೆಗೆ ನಕಲು ಮಾಡಿಕೊಳ್ಳಲು ಅವಕಾಶ ಇದೆ. ಯಾರೋ ಸಾವಿರಾರು ಆಟ ತುಂಬಿಸಿ ಮಾರುವುದು ಆ ಲೆಕ್ಕಕ್ಕೆ ಬರುವುದಿಲ್ಲ. ನಾನು ಖಾಲಿ ಕಾರ್ಡಿನಿಂದ ಶುರುಮಾಡಿ, ನನ್ನ ಹತ್ತಿರ ಇರುವ ಡಿಸ್ಕ್‌ಗಳನ್ನೇ ಹಾಕಿಕೊಂಡಿದ್ದೇನೆ. ಆಟ ಕಡಿಮೆ ಇದ್ದರೆ ಆಡುವುದೂ ಜಾಸ್ತಿ. ಸಾವಿರ ಆಟದ ಪಟ್ಟಿ ಎದುರಿಗಿದ್ದರೆ ಯಾವುದನ್ನೂ ಹತ್ತು ನಿಮಿಷಕ್ಕಿಂತ ಹೆಚ್ಚು ಆಡಲು ಮನಸ್ಸು ನಿಲ್ಲುವುದಿಲ್ಲ.

ಬದಿಯಡ್ಕದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನನಗೆ ಮೆಷಿನ್ನೇ ಬೇಕು ಅನ್ನಿಸುತ್ತದೆ. ಮಗಳ ಪಕ್ಕದಲ್ಲಿ ಕೂತು ಇಬ್ಬರೂ ಒಂದೊಂದು ರಿಮೋಟ್ ಹಿಡಿದು ಆಡಬೇಕು, ಸಣ್ಣ ತೆರೆಯಲ್ಲಿ ಅದಾಗುವುದಿಲ್ಲ. ಫ್ಯಾಮಿಕಾಮ್ ಬಗ್ಗೆ ಯಾರೂ ಹೇಳಲಿಲ್ಲ. ನಾವು ಚಿಕ್ಕಂದಿನಲ್ಲಿ ಆಡಿದ ಕ್ಯಾಸೆಟ್ ಗೇಮ್ ಅದೇ ಅಲ್ವಾ? ಅದರ ಗನ್ನೂ ಬೇಕು. ಅಂಗಡಿಯಲ್ಲಿ 620 ಆಟ ಇರುವ ಸಣ್ಣ ಪೆಟ್ಟಿಗೆ ನೋಡಿದೆ, ಅದು ಹೇಗೆ?

ಮಡಕಶಿರಾದಿಂದ:

ಇದು ನನ್ನ ಇಷ್ಟದ ವಿಷಯ. ಮನೆಯಲ್ಲಿ ಈಗಲೂ ಕ್ಯಾಸೆಟ್ ಗೇಮ್ ಓಡುತ್ತಿದೆ.

ನಾವೆಲ್ಲ ಚಿಕ್ಕವರಿದ್ದಾಗ ಆಡಿದ್ದು ಹೆಚ್ಚಿನ ಪಾಲು ಫ್ಯಾಮಿಕಾಮಿನ ನಕಲು. ಅಸಲಿ ಬಂದದ್ದು 1983ರ ಜುಲೈಯಲ್ಲಿ, ಜಪಾನಿನಲ್ಲಿ. ಅದರ ಕ್ಯಾಸೆಟ್ಟಿಗೆ 60 ಪಿನ್. ನಮ್ಮ ಸಂತೆ, ಜಾತ್ರೆಗಳಲ್ಲಿ ಸಿಗುತ್ತಿದ್ದ ಕ್ಯಾಸೆಟ್ಟುಗಳೂ ಅದೇ ಅಳತೆ. ಅಮೆರಿಕದಲ್ಲಿ ಮಾರಿದ್ದಕ್ಕೆ 72 ಪಿನ್, ಇದಕ್ಕೆ ಅದು ಕೂರುವುದಿಲ್ಲ. ಆನ್‌ಲೈನಿನಲ್ಲಿ ಕ್ಯಾಸೆಟ್ ತರಿಸುವಾಗ ಇದನ್ನು ನೋಡಿಕೊಳ್ಳಿ.

ಮೊದಲಿನ ಅಸಲಿ ಫ್ಯಾಮಿಕಾಮನ್ನು ನಿಮಗೆ ಹೇಳಲು ನನಗೆ ಮನಸ್ಸಿಲ್ಲ. ಅದರಲ್ಲಿ ಹಳದಿ, ಬಿಳಿ, ಕೆಂಪು ತೂತಿಗೆ ಹಾಕುವ ಎವಿ ವೈರ್ ಇಲ್ಲ, ಆಂಟೆನಾ ವೈರಿನಲ್ಲೇ ಚಿತ್ರ ಬರುವುದು. ಅದೂ ಜಪಾನಿನ ಚಾನೆಲ್ಲುಗಳಲ್ಲಿ, ಜಪಾನಿನ ಟಿವಿ ಪದ್ಧತಿಯಲ್ಲಿ. ನಮ್ಮ ಟಿವಿಯಲ್ಲಿ ಅದನ್ನು ಹಿಡಿಯುವುದು ದೊಡ್ಡ ಒದ್ದಾಟ. ರಿಮೋಟ್‌ಗಳ ವೈರೂ ಮೆಷಿನ್ನಿನ ಹೊಟ್ಟೆಯೊಳಗಿನಿಂದಲೇ ಬರುತ್ತವೆ, ಕೆಟ್ಟರೆ ಬಿಚ್ಚಬೇಕು. 1993ರಲ್ಲಿ ಎವಿ ಇರುವ ಹೊಸ ಮಾದರಿ ಬಂತು. ತೆಗೆದುಕೊಳ್ಳುವುದಾದರೆ ಅದನ್ನೇ. ರೇಟು ಜಾಸ್ತಿ. ಜೊತೆಗೆ ಹೊಸೂರಿನವರು ಹೇಳಿದ 100 ವೋಲ್ಟಿನ ಲೆಕ್ಕ ಬೇರೆ.

ಗನ್ ನಿಮ್ಮ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಬಾತುಕೋಳಿ ಹೊಡೆಯುವ ಆಟದಲ್ಲಿ ಟ್ರಿಗರ್ ಒತ್ತಿದ ಕೂಡಲೇ ತೆರೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಗನ್ನಿನ ಮೂತಿಯ ಒಳಗೆ ಬೆಳಕು ನೋಡುವ ಕಣ್ಣಿದೆ. ಅದಕ್ಕೆ ಆ ಬಿಳಿ ಸರಿಯಾಗಿ ಅದೇ ಕ್ಷಣಕ್ಕೆ ಕಾಣಬೇಕು. ಡಬ್ಬಾ ಟಿವಿಯಲ್ಲಿ ಕಾಣುತ್ತದೆ. ಹೊಸ ಟಿವಿ ಚಿತ್ರವನ್ನು ತಡಮಾಡಿ ತೋರಿಸುತ್ತದೆ, ಅಷ್ಟರಲ್ಲಿ ಮೆಷಿನ್ ಗುರಿ ತಪ್ಪಿತು ಅಂತ ತೀರ್ಮಾನಿಸಿ ಆಗಿರುತ್ತದೆ. ನಾನು ಇದಕ್ಕೇ ಗುಜರಿಯವರ ಹತ್ತಿರ ಡಬ್ಬಾ ಟಿವಿ ಕೇಳಿ ತಂದೆ. ನೀವು ತಂದರೂ ಅದರ ಹಿಂಬದಿ ಮಾತ್ರ ನೀವಾಗಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬ್ ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ.

620 ಆಟದ ಪೆಟ್ಟಿಗೆಯಲ್ಲಿ ಅದೇ ಆಟ ಬೇರೆ ಬೇರೆ ಹೆಸರಲ್ಲಿ ಬರುತ್ತದೆ. ಕ್ಯಾಸೆಟ್ ಹಾಕುವ ಜಾಗ ಇಲ್ಲ, ಸದ್ದೂ ಅಸಲಿಯ ಹಾಗೆ ಇರುವುದಿಲ್ಲ, ಗುಂಡಿಗಳು ಬೇಗ ಹೋಗುತ್ತವೆ. ಮಗಳಿಗೆ ಮಾರಿಯೋ ರುಚಿ ತೋರಿಸಲು ಆಗಬಹುದು. ನೀವು ಹುಡುಕುತ್ತಿರುವುದು ಅದಲ್ಲ.

ಕ್ಯಾಸೆಟ್ಟಿಗೆ ಬಾಯಿಂದ ಊದುವ ಅಭ್ಯಾಸ ನಮಗೆಲ್ಲ ಇತ್ತು. ದಯವಿಟ್ಟು ಮಗಳಿಗೆ ಅದನ್ನು ಕಲಿಸಬೇಡಿ. ಉಸಿರಿನ ತೇವಕ್ಕೆ ಪಿನ್ನುಗಳು ಹಾಳಾಗುತ್ತವೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪಿನ್ನಿನ ಮೇಲೆ ಓಡಿಸಿ. ಮೊದಲ ಕಡ್ಡಿ ಮಸಿಯ ಹಾಗೆ ಕಪ್ಪಾಗುತ್ತದೆ. ಕಡ್ಡಿ ಬೆಳ್ಳಗೆ ಬರುವ ತನಕ ಒರೆಸಿ, ಒಣಗಿದ ಮೇಲೆ ಹಾಕಿ.

ತಾಳವಾಡಿಯಿಂದ:

ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಊರಿನಂಥ ಕಡೆ ರಿಪೇರಿಗೆ ಚಾಮರಾಜನಗರವೋ ಮೈಸೂರೋ ದಾರಿ. ಬೆಸುಗೆ ಹಾಕಲು ಕೈ ಬಾರದವರು ಹಳೆಯ ಮೆಷಿನ್‌ಗೆ ದೊಡ್ಡ ದುಡ್ಡು ಹಾಕಬಾರದು ಅನ್ನುವುದು ನನ್ನ ಮಾತು. ಬೆಲೆ ಏರುತ್ತದೆ, ಆಮೇಲೆ ಮಾರಿದರೆ ಲಾಭ ಅಂತ ಹೇಳುವವರ ಮಾತು ಕೇಳಬೇಡಿ. ಆಡಲು ಬೇಕಾದರೆ ಮಾತ್ರ ತನ್ನಿ. ಉಪ್ಪಳದ್ದು ಕಡಿಮೆಗೆ ಸಿಕ್ಕರೆ ಸರಿ, ಇಲ್ಲದಿದ್ದರೆ ಕಾಯಿರಿ.

ಹೊಸೂರಿನಿಂದ:

ತಾಳವಾಡಿಯವರು ಹೇಳಿದ್ದು ನ್ಯಾಯ. ಅದಕ್ಕೇ ಉಪ್ಪಳದಲ್ಲಿ ಏನೇನು ನೋಡಬೇಕು ಅಂತ ಬರೆಯುತ್ತೇನೆ.

ಅವರ ಮನೆಯಲ್ಲೇ ಟಿವಿಗೆ ಹಾಕಿಸಿ ನೋಡಿ. ಫೋನಿನಲ್ಲಿ ಕಳಿಸಿದ ವೀಡಿಯೋ ಸಾಲದು. ಮೂರು ಬಗೆಯ ಡಿಸ್ಕ್ ಓದಿಸಿ. ಅಡಿಭಾಗ ಕಪ್ಪಗಿರುವ ಪ್ಲೇಸ್ಟೇಷನ್ 1ರದ್ದು, ನೀಲಿ ಇರುವ ಹಳೆಯ ಪ್ಲೇಸ್ಟೇಷನ್ 2 ಸಿಡಿ, ಬೆಳ್ಳಿ ಬಣ್ಣದ ಡಿವಿಡಿ. ಒಂದು ಬಗೆ ಓದಿ ಇನ್ನೊಂದು ಓದದೆ ಇರುವುದು ಸಾಮಾನ್ಯ. ಓದುವಾಗ ಟಕ್ ಟಕ್ ಸದ್ದು ಬಂದರೆ ಲೇಸರ್ ಸುಸ್ತಾಗಿದೆ ಅಂತ ಲೆಕ್ಕ. ಕನಿಷ್ಠ ಅರ್ಧ ಗಂಟೆ ಆಡಿ, ಬಿಸಿಯಾದ ಮೇಲೆ ನಿಲ್ಲುವ ಮೆಷಿನ್‌ಗಳಿವೆ. ಎರಡೂ ರಿಮೋಟ್ ತೂತು, ಎರಡೂ ಕಾರ್ಡ್ ತೂತು ನೋಡಿ. ಟೈಮ್ ತಪ್ಪು ತೋರಿಸಿದರೆ ಒಳಗಿನ ಸೆಲ್ ಹೋಗಿದೆ, ಅದಕ್ಕೆ ಚೌಕಾಸಿ ಬೇಡ. ಹಿಂದಿನ ಫ್ಯಾನ್ ಜಾಲರಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಇರುವೆ ಗೂಡು, ಹಲ್ಲಿ ಮೊಟ್ಟೆ ಇದ್ದರೆ ಬಿಚ್ಚಿ ತೊಳೆಯುವ ಕೆಲಸ ಇದೆ ಅಂತ ಅರ್ಥ.

ಡ್ರೈವ್ ಸೋತು, ಉಳಿದದ್ದೆಲ್ಲ ಚೆನ್ನಾಗಿದ್ದರೂ ಬಿಡಬೇಡಿ. ರೇಟು ಇಳಿಸಿ ಕೇಳಿ. ಫ್ರೀ ಎಂಸಿ ಬೂಟ್ ಅನ್ನುವ, ಡಿಸ್ಕ್ ಇಲ್ಲದೆ ಬೇರೆ ಪ್ರೋಗ್ರಾಮ್ ಓಡಿಸಲು ಬಿಡುವ ಸಾಫ್ಟ್‌ವೇರ್ ಹಾಕಿದ ಮೆಮೊರಿ ಕಾರ್ಡ್ ಇದ್ದರೆ, ನಿಮ್ಮ ಡಿಸ್ಕ್‌ಗಳ ಪ್ರತಿಯನ್ನು ಬೇರೆ ಕಡೆಯಿಂದ ಓಡಿಸಬಹುದು. ಕೊನೆಯಲ್ಲಿ ಬಂದ 90000 ಸರಣಿಯ ಕೆಲವದರಲ್ಲಿ ಇದು ಹಿಡಿಯುವುದಿಲ್ಲ, ಅಡಿಯ ಲೇಬಲ್ಲಿನಲ್ಲಿ ನಂಬರ್ ನೋಡಿ. ದಪ್ಪ ಮಾದರಿಯಾದರೆ ನೆಟ್‌ವರ್ಕ್ ಅಡಾಪ್ಟರ್ ಹಾಕಿ ಹಾರ್ಡ್ ಡಿಸ್ಕೇ ಕೂರಿಸಬಹುದು. ಯುಎಸ್‌ಬಿಯಿಂದಲೂ ಓಡುತ್ತದೆ, ಆದರೆ ಆ ಯುಎಸ್‌ಬಿ ತೀರಾ ನಿಧಾನ, ವೀಡಿಯೋ ಬಂದಾಗ ತಡವರಿಸುತ್ತದೆ.

ಅವರ ಹಳೆಯ ಮೆಮೊರಿ ಕಾರ್ಡ್ ಜೊತೆಗೇ ಕೊಟ್ಟರೆ, ಒಳಗಿರುವ ಸೇವ್‌ಗಳನ್ನು ಅಳಿಸುವ ಮೊದಲು ಅವರನ್ನು ಒಂದು ಮಾತು ಕೇಳಿ. ಬೇಕು ಅಂದರೆ ಆ ಕಾರ್ಡ್ ಅವರಿಗೇ ಬಿಟ್ಟು ನೀವು ಹೊಸದು ತೆಗೆದುಕೊಳ್ಳಿ, 8 ಎಂಬಿಯದ್ದು ಸಾಕು.